ಬಸುರಿ ಸೊಳ್ಳೆಯ ಮಡಿಲು ತುಂಬಿದ ಚಿಕ್ಕತಾಯಿ

ಬನ್ನಿ ಮಕ್ಕಳೇ, ಗಲಾಟೆ ಸಾಕು. ಚಾಪೆ ಮೇಲೆ ಕೂತು ಕಿವಿ ಇತ್ತ ಕೊಡಿ.

ಲೋಕ ಆಗಿನ್ನೂ ಹೊಸದು. ಕೆರೆ ಹೊಸದು, ಗಾಳಿ ಹೊಸದು. ಎಲ್ಲಕ್ಕೂ ಬಾಯಿತ್ತು, ಎಲ್ಲವೂ ಮಾತಾಡುತ್ತಿದ್ದವು.

ಜ್ವರಕ್ಕೆ ಮಾತ್ರ ಕಾಲಿರಲಿಲ್ಲ. ಸೊಳ್ಳೆಯ ಹೊಟ್ಟೆಯಲ್ಲಿ ಕೂತು ಮನೆಮನೆಗೆ ಹೋಗುತ್ತಿತ್ತು. ಚಿಕ್ಕತಾಯಿ ಅನ್ನೋ ಹೆಂಗಸಿನ ಮೊದಲ ಕೂಸನ್ನು ಹಾಗೇ ತಿಂದಿತ್ತು. ಈಗ ತೊಟ್ಟಿಲಲ್ಲಿ ಎರಡನೆಯದು, ಕೆಂಪಿ.

ಒಂದು ಬೆಳಗ್ಗೆ ಗಾಳಿ ಓಡಿ ಬಂತು. "ಚಿಕ್ಕತಾಯಿ, ಕದ ಹಾಕ್ಕೊ! ಸೊಳ್ಳೆ ಬರ್ತಾವ್ಳೆ!"

ಅಷ್ಟರಲ್ಲಿ ಸೊಳ್ಳೆ ಹೊಸಲ ಮೇಲೆ. "ಬಸುರಿ ಕಣಕ್ಕಾ. ಒಂದು ತೊಟ್ಟು ರಕ್ತ ಕೊಡು, ಮೊಟ್ಟೆ ಬಲೀಬೇಕು."

ಚಿಕ್ಕತಾಯಿಯ ಕೈ ಕದದ ಮೇಲೇ ನಿಂತಿತು. ಬಸುರಿ ಬಾಗಿಲಿಗೆ ಬಂದು ಬಯಕೆ ಹೇಳಿದರೆ ಇಲ್ಲವೆನ್ನಬಾರದು. ಕೊಟ್ಟರೆ ಕೂಸಿನ ಗತಿ?

"ಹೊಟ್ಟೇಲಿ ಜ್ವರ ಇಟ್ಕೊಂಡು ಬಂದಿದ್ದೀಯಲ್ಲೇ!"

"ನಾನೇನು ಕರೆದು ಕೂರಿಸ್ಕೊಂಡೆನಾ? ಇಳಿ ಅಂದ್ರೆ ಇಳಿಯಲ್ಲ."

ಒಳಗಿಂದ ಜ್ವರ ಗದರಿತು. "ಹರಟೆ ಸಾಕು, ಕಚ್ಚೇ! ನಂಗೆ ಹಸಿವು."

ಕಳಿತ ಬಾಳೆಹಣ್ಣಿನ ಮೇಲಿದ್ದ ಹಣ್ಣಿನ ನೊಣ ಪಿಸುಗುಟ್ಟಿತು. "ಚಿಕ್ಕತಾಯಿ, ನನ್ನ ಹೊಟ್ಟೇಲಿ ಕಣ್ಣಿಗೆ ಕಾಣದ ಪುಟಾಣಿಗಳಿದ್ದಾವೆ. ಕೂತ ಜಾಗ ಬಿಡಲ್ಲ, ಪಕ್ಕದವರಿಗೆ ಅಗುಳು ಉಳಿಸಲ್ಲ. ನಾಲ್ಕು ಪುಟಾಣಿ ಕೊಡ್ತೀನಿ, ಇವಳಿಗೆ ತಿನ್ನಿಸು. ಒಳಗಿರೋ ಜ್ವರಕ್ಕೆ ಕೂಳು ಸಿಗಲ್ಲ."

ಚಿಕ್ಕತಾಯಿ ವೀಳ್ಯದೆಲೆ ಮೇಲೆ ಹಣ್ಣಿಟ್ಟಳು, ಅದರೊಳಗೆ ಪುಟಾಣಿಗಳನ್ನಿಟ್ಟಳು. "ಮಡಿಲು ತುಂಬದೆ ಬಸುರೀನ ಕಳಿಸೋದುಂಟಾ? ಮೊದಲು ಇದು ತಿನ್ನು, ಆಮೇಲೆ ನನ್ನ ತೋಳು."

"ತಿನ್ಬೇಡ್ವೇ!" ಅಂತ ಜ್ವರ ಕಿರುಚಿತು.

"ನನಗೆ ಯಾರೂ ಮಡಿಲು ತುಂಬಿರ್ಲಿಲ್ಲ ಕಣಕ್ಕಾ," ಅಂದಳು ಸೊಳ್ಳೆ. ಚಪ್ಪರಿಸಿ ತಿಂದಳು. ತಿಂದವಳೇ ತೋಳು ಬಿಟ್ಟು ತೊಟ್ಟಿಲಿಗೆ ಹಾರಿದಳು! ಚಿಕ್ಕತಾಯಿ ಓಡುವಷ್ಟರಲ್ಲಿ ಕೆಂಪಿಯ ಹಿಮ್ಮಡಿ ಕಚ್ಚಿಯಾಗಿತ್ತು.

ಮೊದಲ ದಿನ ಹಿಮ್ಮಡಿ ಊದಿತು. ಚಿಕ್ಕತಾಯಿ ಹಣೆ ಮುಟ್ಟಿದಳು. ಎರಡನೇ ದಿನ ಕೂಸು ಕುಂಯ್‌ಗುಟ್ಟಿತು. ಮತ್ತೆ ಮುಟ್ಟಿದಳು. ಮೂರನೇ ದಿನ ಮುಟ್ಟಲು ಕೈ ಬರಲಿಲ್ಲ, ಕೆನ್ನೆಗೆ ಕೆನ್ನೆ ಒತ್ತಿದಳು.

ತಣ್ಣಗಿತ್ತು. ಕೆಂಪಿ ಅವ್ವನ ಮೂಗುಬೊಟ್ಟು ಹಿಡಿದು ಎಳೆದಳು.

ಕೆಂಪಿ ಬೆಳೆದು ಏಳು ಹೆತ್ತಳು. ಚಿಕ್ಕತಾಯಿ ಮರಿಮಕ್ಕಳನ್ನೂ ಕಂಡೇ ಕಣ್ಣು ಮುಚ್ಚಿದಳು. ಹಣ್ಣಿನ ನೊಣ ಕಳಿತ ಹಣ್ಣಿದ್ದ ಮನೆಗೆಲ್ಲ ಕರೆಯದೇ ಬರುವ ನೆಂಟನಾಯಿತು. ಜ್ವರ ಹಸಿದು ಬಡಕಲಾಗಿ ಮಡಿಲು ತುಂಬದ ಸೊಳ್ಳೆಗಳನ್ನು ಹುಡುಕಿಕೊಂಡು ಹೋಯಿತು. ಇನ್ನೂ ಹುಡುಕುತ್ತಲೇ ಇದೆ. ಸೊಳ್ಳೆ ನೀರಲ್ಲಿ ಮೊಟ್ಟೆಯಿಟ್ಟಳು, ಒಂದೊಂದರಲ್ಲೂ ಪುಟಾಣಿಗಳು ಕೂತಿದ್ದವು. ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಅವು ಹಾಗೇ ಇಳಿದು ಬಂದವು. ಅದಕ್ಕೇ ಮಕ್ಕಳೇ, ಇವತ್ತಿಗೂ ಕೆಲವು ಸೊಳ್ಳೆ ಕಚ್ಚಿದರೆ ಬರೀ ತುರಿಕೆ, ಜ್ವರವಿಲ್ಲ.