ತರ್ಕಪಂಡಿತನ ಬುಟ್ಟಿ

“ಗುರುಗಳೇ, ಹದಿನೆಂಟು ವರ್ಷದಿಂದ ಪಾಠ ಮಾಡುತ್ತಿರುವವನನ್ನು ಕೂರಿಸಿ ಪಾಠ ಮಾಡುವುದು ಹೇಗೆಂದು ಹೇಳಿಕೊಡುವುದು ಅವಮಾನವಲ್ಲವೇ?” ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಅಡಿವೆಪ್ಪ. ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕ. ಮರುದಿನದಿಂದ ಅಲ್ಲಿ ಅಧ್ಯಾಪಕರಿಗೆಂದೇ ಏಳು ದಿನದ ಕಾರ್ಯಾಗಾರ ಏರ್ಪಾಡಾಗಿತ್ತು. ಬೆಳಿಗ್ಗೆ ಹಾಜರಿ ಪುಸ್ತಕದಲ್ಲಿ ಸಹಿ ಹಾಕುವುದು, ಚಹಾದ ಬಿಡುವಿನಲ್ಲಿ ಜಾರಿಕೊಳ್ಳುವುದು, ಕೊನೆಯ ದಿನ ಪ್ರಮಾಣಪತ್ರ ಹಂಚುವಾಗ ಬಂದು ನಿಲ್ಲುವುದು ಎಂದು ಅವನು ಆಗಲೇ ತೀರ್ಮಾನಿಸಿದ್ದ. ಗುರುಗಳೂ ಹೂಂ ಎಂದರೆ ಮನಸ್ಸಿಗೆ ಹಗುರ ಎಂದುಕೊಂಡು ಬಂದಿದ್ದ. ಗುರುಗಳು ನಕ್ಕು, ಒಂದು ಕತೆ ಇದೆ, ಕೇಳಿ ಆಮೇಲೆ ಜಾರಿಕೋ ಎಂದರು. ಹೇಳತೊಡಗಿದರು.

ಒಂದು ಊರಿನಲ್ಲಿ ಒಂದು ವಿದ್ಯಾಪೀಠವಿತ್ತು. ಅಲ್ಲಿ ನಲವತ್ತು ಜನ ಪಂಡಿತರಿದ್ದರು. ಅವರಲ್ಲೊಬ್ಬ ತರ್ಕಪಂಡಿತ. ಇಪ್ಪತ್ತೆರಡು ವರ್ಷ ಪಾಠ ಹೇಳಿದವನು. ತನ್ನ ತರಗತಿಯಲ್ಲಿ ಈವರೆಗೆ ಒಬ್ಬನೂ ಸಂಶಯ ಕೇಳಿದ್ದಿಲ್ಲ ಎನ್ನುವುದು ಅವನ ಹೆಮ್ಮೆ. ಪಾಠದ ಒಂದೊಂದು ಭಾಗ ಮುಗಿದಾಗಲೂ ಅವನು “ಅರ್ಥವಾಯಿತೇ?” ಎನ್ನುತ್ತಿದ್ದ. ವಿದ್ಯಾರ್ಥಿಗಳು ಒಂದೇ ದನಿಯಲ್ಲಿ “ಆಯಿತು” ಎನ್ನುತ್ತಿದ್ದರು. ಪಂಡಿತ ಮುಂದಿನ ಓಲೆ ತೆಗೆಯುತ್ತಿದ್ದ.

ಒಂದು ವರ್ಷ ಹೊರಗಿನ ವಿದ್ವಾಂಸರು ಪರೀಕ್ಷೆಗೆ ಬಂದರು. ತರ್ಕದ ವಿದ್ಯಾರ್ಥಿಗಳು ಗ್ರಂಥದಲ್ಲಿದ್ದದ್ದನ್ನೆಲ್ಲ ತಡವರಿಸದೆ ಒಪ್ಪಿಸಿದರು. ಗ್ರಂಥದಲ್ಲಿ ಇಲ್ಲದ ಒಂದೇ ಒಂದು ಪ್ರಶ್ನೆ ಬಂದಾಗ ಎಲ್ಲರೂ ನೆಲ ನೋಡಿದರು. ಪೀಠದ ಹಿರಿಯರು ಪಂಡಿತನನ್ನು ಕರೆಸಿದರು. ಮುಂದಿನ ವರ್ಷವೂ ಹೀಗೇ ಆದರೆ ತರ್ಕದ ತರಗತಿಯನ್ನೇ ಮುಚ್ಚಿ ವಿದ್ಯಾರ್ಥಿಗಳನ್ನು ವ್ಯಾಕರಣಕ್ಕೆ ಕಳಿಸಬೇಕಾಗುತ್ತದೆ ಎಂದರು. ವ್ಯಾಕರಣದ ಪಂಡಿತ ಅಂದೇ ಬಂದು ತರ್ಕದ ಕೋಣೆಯ ಉದ್ದಗಲ ಅಳೆದುಕೊಂಡು ಹೋದ.

ತರ್ಕಪಂಡಿತನಿಗೆ ಊಟ ಸೇರಲಿಲ್ಲ. ತರ್ಕವೆಂದರೆ ಅವನಿಗೆ ಪ್ರಾಣ. ಆ ಕೋಣೆ ಹೋದರೆ ಅವನ ಬದುಕಿನಲ್ಲಿ ಉಳಿಯುವುದು ಏನೂ ಇರಲಿಲ್ಲ. ಈ ಸಲದ ಹುಡುಗರೇ ಮಂದಬುದ್ಧಿಯವರು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಪಾಠ ಹೇಳುವ ನಮಗೆಲ್ಲ ಈ ಸಮಾಧಾನ ಬಲು ಬೇಗ ಕೈಗೆ ಸಿಗುತ್ತದೆ.

ಹಿರಿಯರು ಅಷ್ಟಕ್ಕೇ ಬಿಡಲಿಲ್ಲ. ರಜೆ ಬಂದ ಕೂಡಲೇ ನಲವತ್ತೂ ಪಂಡಿತರು ಏಳು ದಿನ ನೆಲದ ಮೇಲೆ ಕುಳಿತು ತಮಗೆ ಬಾರದ ಒಂದು ವಿದ್ಯೆಯನ್ನು ಕಲಿಯಬೇಕೆಂದು ಆಜ್ಞೆ ಮಾಡಿದರು. ಕಲಿಸಲು ಬಂದವಳು ಬುಟ್ಟಿ ಹೆಣೆಯುವ ಒಬ್ಬ ಹೆಂಗಸು. ಪಂಡಿತರು ಮುಖ ಮುಖ ನೋಡಿಕೊಂಡರು. ಕೆಲವರಿಗೆ ಆಗಲೇ ಸೊಂಟ ನೋವು ಶುರುವಾಯಿತು.

ಆ ಹೆಂಗಸಿಗೂ ಅಳುಕಿತ್ತು. ಇಷ್ಟು ಜನ ವಿದ್ವಾಂಸರ ಮುಂದೆ ಏನು ಮಾತಾಡಬೇಕು ಎಂದು ಬಾಗಿಲು ಕಾಯುವವನನ್ನು ಕೇಳಿದ್ದಳು. ಅವನು, ಏನಿಲ್ಲ, ತೋರಿಸುವುದನ್ನು ತೋರಿಸು, ಕೊನೆಗೆ ಅರ್ಥವಾಯಿತೇ ಎಂದು ಕೇಳು, ಇಲ್ಲಿ ಹಾಗೆ ಕೇಳುವ ರೂಢಿ ಎಂದಿದ್ದ. ಅಂಗಳ ದಾಟುವಷ್ಟರಲ್ಲಿ ಅವಳು ಆ ಮಾತನ್ನು ನಾಲ್ಕು ಸಲ ಹೇಳಿಕೊಂಡಿದ್ದಳು.

ಬಿದಿರಿನ ಸೀಳುಗಳನ್ನು ಅಡ್ಡಕ್ಕೂ ಉದ್ದಕ್ಕೂ ಇಟ್ಟು ತಳ ಕಟ್ಟಿದಳು. ಅವುಗಳ ತುದಿಗಳನ್ನು ಮೇಲಕ್ಕೆ ಬಾಗಿಸಿ ಕಡ್ಡಿಗಳಂತೆ ನಿಲ್ಲಿಸಿದಳು. ನಿಂತ ಕಡ್ಡಿಗಳ ಎಣಿಕೆ ಬೆಸ ಇರಬೇಕು ಎಂದು ಹೇಳಿ ಒಂದನ್ನು ಸೀಳಿ ಎರಡು ಮಾಡಿದಳು. ತೆಳುವಾದ ಎಳೆಯೊಂದನ್ನು ಒಂದು ಕಡ್ಡಿಯ ಮುಂದೆ, ಒಂದು ಕಡ್ಡಿಯ ಹಿಂದೆ ಹಾಯಿಸುತ್ತ ಸರಸರನೆ ಸುತ್ತು ಬಂದಳು. ಅವಳು ಬೆಸ ಎಂದ ಹೊತ್ತಿಗೆ ತರ್ಕಪಂಡಿತನ ಗಮನ ಬೇರೆ ಕಡೆ ಇತ್ತು. ಬುಟ್ಟಿ ಎಂದರೇನು ಎಂಬ ಲಕ್ಷಣವನ್ನೇ ಹೇಳದೆ ಇವಳು ಪಾಠ ಆರಂಭಿಸಿದಳಲ್ಲ ಎಂದು ಮನಸ್ಸಿನಲ್ಲೇ ತಪ್ಪು ಹುಡುಕುತ್ತಿದ್ದ.

“ಅರ್ಥವಾಯಿತೇ?” ಎಂದು ಅವಳು ಕೇಳಿದಳು.

“ಆಯಿತು,” ಎಂದರು ನಲವತ್ತು ಪಂಡಿತರು.

ಅವಳಿಗೆ ಹಿಗ್ಗೋ ಹಿಗ್ಗು. ಇಷ್ಟನ್ನು ಕಲಿಯಲು ಅವಳ ಮಗಳಿಗೆ ಒಂದು ಮಳೆಗಾಲ ಪೂರ್ತಿ ಹಿಡಿದಿತ್ತು. ಪಂಡಿತರೆಂದರೆ ಪಂಡಿತರೇ ಎಂದುಕೊಂಡು ಎಲ್ಲರಿಗೂ ಬಿದಿರು ಹಂಚಿ ದೂರ ಕುಳಿತಳು.

ಊಟದ ಹೊತ್ತಿಗೆ ಬಂದು ನೋಡಿದಳು. ಜ್ಯೋತಿಷದ ಪಂಡಿತನ ಬುಟ್ಟಿಗೆ ತಳವೇ ಇರಲಿಲ್ಲ. ಕಾವ್ಯದ ಪಂಡಿತನದು ಕಾಗೆಯ ಗೂಡಾಗಿತ್ತು. ವ್ಯಾಕರಣದ ಪಂಡಿತ ತನ್ನ ಉತ್ತರೀಯವನ್ನೂ ಸೇರಿಸಿ ಹೆಣೆದುಕೊಂಡಿದ್ದರಿಂದ ಏಳಲು ಬಾರದೆ ಕುಳಿತಿದ್ದ. ತರ್ಕಪಂಡಿತನ ಬುಟ್ಟಿ ಮಾತ್ರ ನೋಡಲು ಚೆನ್ನಾಗಿತ್ತು. ಆದರೆ ಅವನ ಕಡ್ಡಿಗಳು ಹದಿನಾರು. ಸರಿಸಂಖ್ಯೆಯಾದ್ದರಿಂದ ಎರಡನೆಯ ಸುತ್ತಿನ ಎಳೆ ಮೊದಲ ಸುತ್ತಿನ ಜಾಡಿನಲ್ಲೇ ಹೋಗಿತ್ತು. ಮೂರನೆಯದೂ ಅಲ್ಲೇ. ಏನೋ ಎಡವಟ್ಟಾಗಿದೆ ಎಂದು ಅವನಿಗೆ ಆಗಲೇ ಗೊತ್ತಾಗಿತ್ತು. ಕೇಳಿರಲಿಲ್ಲ. ಹೆಂಗಸು ಆ ಬುಟ್ಟಿಯನ್ನು ಎತ್ತಿದಳು. ಎಳೆಗಳೆಲ್ಲ ಕಳಚಿ ಅವನ ತೊಡೆಯ ಮೇಲೆ ಬಿದ್ದವು.

“ಮತ್ತ ಆಯಿತು ಅಂದ್ರಲ್ರಿ?” ಎಂದಳು. ದನಿಯಲ್ಲಿ ಕುಹಕವಿರಲಿಲ್ಲ. ಅವಳಿಗೆ ನಿಜವಾಗಿಯೂ ಕಾರಣ ತಿಳಿಯಬೇಕಾಗಿತ್ತು.

ಪಂಡಿತ ಕಾರಣ ಹುಡುಕಿದ. ಅದೇ ಅವನ ಕಸುಬು ತಾನೇ. ಪಕ್ಕದವನು ಆಯಿತು ಎಂದ, ಅದಕ್ಕೆ ತಾನೂ ಎಂದ. ಇಲ್ಲ ಎಂದಿದ್ದರೆ ಎಲ್ಲರೂ ತಿರುಗಿ ತನ್ನನ್ನೇ ನೋಡುತ್ತಿದ್ದರು. ಅಡುಗೆ ಮನೆಯಿಂದ ಒಗ್ಗರಣೆಯ ವಾಸನೆಯೂ ಬರುತ್ತಿತ್ತು. ಅಲ್ಲದೆ ಪಾಪ, ಅವಳು ಅಷ್ಟು ಆಸೆಯಿಂದ ಕೇಳುವಾಗ ಇಲ್ಲ ಎನ್ನಲು ಮನಸ್ಸು ಬರಲಿಲ್ಲ. ಇಷ್ಟು ಲೆಕ್ಕ ಹಾಕುವಷ್ಟರಲ್ಲಿ ಅವನಿಗೆ ತನ್ನ ತರಗತಿ ನೆನಪಾಯಿತು. ಇಪ್ಪತ್ತೆರಡು ವರ್ಷದ ವಿದ್ಯಾರ್ಥಿಗಳು ಸಾಲಾಗಿ ಕುಳಿತು ಆಯಿತು, ಆಯಿತು ಎನ್ನುತ್ತಿದ್ದರು.

ಮೊದಲು ಅವನ ಮುಖ ಕೆಂಪಾಯಿತು. ಆಮೇಲೆ ನಗು ಬಂತು. ಹುಡುಗರು ಮಂದಬುದ್ಧಿಯವರಲ್ಲ, ತನ್ನ ಹಾಗೆಯೇ ಮರ್ಯಾದಸ್ಥರು! ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕ. ಯಾಕೆ ಎಂದು ಕೇಳಿದವರಿಗೆ ಹೇಳಿದ. ಅವರೂ ತಮ್ಮ ತಮ್ಮ ತರಗತಿಗಳನ್ನು ನೆನೆದು ನಕ್ಕರು. ಉತ್ತರೀಯ ಸಿಕ್ಕಿಕೊಂಡವನೂ ಕುಳಿತಲ್ಲೇ ನಕ್ಕ.

ನಗು ನಿಂತ ಮೇಲೆ ತರ್ಕಪಂಡಿತ ಆ ಹೆಂಗಸಿಗೆ ಕೈಮುಗಿದು, ಅವ್ವಾ, ಮನೆಯಲ್ಲಿ ಮಕ್ಕಳಿಗೆ ಕಲಿಸುವಾಗಲೂ ಹೀಗೇ ಕೇಳುತ್ತೀಯಾ ಎಂದ.

“ನಮ್ಮನ್ಯಾಗ ಹಂಗ ಕೇಳಂಗಿಲ್ರಿ,” ಎಂದಳು ಅವಳು. “‘ತಾ ಇಲ್ಲಿ, ನೋಡೋಣ’ ಅಂತೀನಿ. ಅಷ್ಟ.”

ಉಳಿದ ಆರು ದಿನ ಅವಳು ಬಾಗಿಲು ಕಾಯುವವನ ಮಾತು ಬಿಟ್ಟು ತನ್ನ ಮನೆಯ ರೀತಿಯಲ್ಲೇ ಕಲಿಸಿದಳು. ಒಂದೊಂದು ಸುತ್ತಿಗೂ ಕೈ ಚಾಚಿ ಬುಟ್ಟಿ ಇಸಿದುಕೊಂಡಳು. ಸರಿಯಿದ್ದರೆ ತಲೆ ಆಡಿಸಿದಳು, ತಪ್ಪಿದ್ದರೆ ಬಿಚ್ಚಿಸಿದಳು. ಪಂಡಿತರು ಊಟದ ಗಂಟೆ ಹೊಡೆದರೂ ಏಳದಂತಾದರು. ಏಳನೆಯ ದಿನ ತರ್ಕಪಂಡಿತ ಹದಿನೇಳು ಕಡ್ಡಿಯ ಬುಟ್ಟಿಯೊಂದನ್ನು ತಲೆಯ ಮೇಲೆ ಇಟ್ಟುಕೊಂಡು ಬೀದಿಯಲ್ಲಿ ನಡೆದು ಮನೆಗೆ ಹೋದ. ಹೆಂಡತಿ ಅದರ ತುಂಬ ಬದನೆಕಾಯಿ ಹಾಕಿ ಎತ್ತಿ ನೋಡಿದಳು. ಬುಟ್ಟಿ ಅಲುಗಲಿಲ್ಲ.

ರಜೆ ಮುಗಿಯಿತು. ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಆದ್ದರಿಂದ ಅಲ್ಲಿ ಬೆಂಕಿಯಿದೆ ಎಂಬ ಹಳೆಯ ಪಾಠವನ್ನು ಪಂಡಿತ ಹೇಳಿ ಮುಗಿಸಿದ. ಬಾಯಿ ರೂಢಿಯಂತೆ ‘ಅರ್ಥ’ ಎನ್ನುವವರೆಗೆ ಹೋಗಿ ನಿಂತಿತು. ಆಯಿತು ಎನ್ನಲು ತೆರೆದ ಬಾಯಿಗಳು ತೆರೆದೇ ಉಳಿದವು. ಇಂಥದ್ದೇ ಒಂದು ಉದಾಹರಣೆಯನ್ನು ನಿಮ್ಮ ನಿಮ್ಮ ಮನೆಯಿಂದ ತೆಗೆದು ನನಗೆ ಕೊಡಿ ಎಂದ ಪಂಡಿತ. ಒಬ್ಬ ಎದ್ದು, ಅಡುಗೆ ಮನೆಯಲ್ಲಿ ಪಾತ್ರೆಯ ಸದ್ದು ಜೋರಾಗಿದೆ, ಆದ್ದರಿಂದ ನಮ್ಮಮ್ಮನಿಗೆ ಸಿಟ್ಟು ಬಂದಿದೆ ಎಂದ. ಇನ್ನೊಬ್ಬ, ಪಾತ್ರೆಯನ್ನು ಬೆಕ್ಕೂ ಬೀಳಿಸಬಹುದಲ್ಲ ಎಂದ. ಬೆಕ್ಕಾದರೆ ಸದ್ದು ಒಂದೇ ಸಲ, ಅಮ್ಮನಾದರೆ ಅಪ್ಪ ಬಂದು ಮಾತಾಡಿಸುವವರೆಗೂ ನಿಲ್ಲುವುದಿಲ್ಲ ಎಂದ ಮೂರನೆಯವನು. ತರಗತಿ ಸಂತೆಯಾಯಿತು. ಏನಿದು ಗಲಾಟೆ ಎಂದು ಕೇಳಲು ಬಂದ ವ್ಯಾಕರಣದ ಪಂಡಿತ ಬೆಕ್ಕಿನ ಪಕ್ಷ ವಹಿಸಿ ಅಲ್ಲೇ ಕುಳಿತುಬಿಟ್ಟ. ಆ ಕೋಣೆಯಲ್ಲಿ ಸಂಶಯ ಹುಟ್ಟಿದ್ದು ಅದೇ ಮೊದಲು. ತರ್ಕಪಂಡಿತನಿಗೆ ಕುಣಿದಾಡುವಷ್ಟು ಸಂತೋಷವಾಯಿತು.

ವರ್ಷ ಕಳೆದು ವಿದ್ವಾಂಸರು ಮತ್ತೆ ಬಂದರು. ಗ್ರಂಥದಲ್ಲಿ ಇಲ್ಲದ ಪ್ರಶ್ನೆಯನ್ನೇ ಕೇಳಿದರು. ಈ ಸಲ ಯಾರೂ ನೆಲ ನೋಡಲಿಲ್ಲ. ವಿದ್ಯಾರ್ಥಿಗಳು ಉತ್ತರ ಹೇಳಿ, ಮೇಲೆ ಎರಡು ಪ್ರಶ್ನೆ ತಿರುಗಿ ಕೇಳಿದರು. ವಿದ್ವಾಂಸರ ಊಟ ತಣ್ಣಗಾಯಿತು, ತರ್ಕದ ತರಗತಿ ಉಳಿಯಿತು. ಮುಂದಿನ ರಜೆಯಲ್ಲಿ ಪಂಡಿತರಿಗೆ ಈಜು ಕಲಿಸಲು ಒಬ್ಬ ಅಂಬಿಗ ಬಂದ. ಎಲ್ಲರಿಗಿಂತ ಮೊದಲು ಪಂಚೆ ಎತ್ತಿಕಟ್ಟಿ ನೀರಿಗಿಳಿದವನು ತರ್ಕಪಂಡಿತ.

ಗುರುಗಳು ಕತೆ ನಿಲ್ಲಿಸಿದರು. ಅಡಿವೆಪ್ಪ ಇನ್ನೂ ನಗುತ್ತಿದ್ದ. ಬಂದಾಗ ಇದ್ದ ಬಿಗುವು ಅವನ ಮುಖದಲ್ಲಿ ಇರಲಿಲ್ಲ.

“ಅರ್ಥವಾಯಿತೇ?” ಎಂದು ಗುರುಗಳು ಕೇಳಿದರು.

“ಆಯಿತು, ಗುರುಗಳೇ,” ಎಂದ ಶಿಷ್ಯ, ಕ್ಷಣವೂ ತಡೆಯದೆ.

ಗುರುಗಳು ಕೈ ಚಾಚಿದರು. “ತಾ ಇಲ್ಲಿ, ನೋಡೋಣ.”