ಹದಿನೇಳನೇ ತಾರೀಖು ಯಾರದು

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹದಿನೇಳನೇ ತಾರೀಖಿನ ಕೆಳಗೆ ಎರಡು ಹಳೆಯ ಘಟನೆಗಳು ಅಚ್ಚಾಗಿದ್ದವು: ಒಂದು ಯುದ್ಧ, ಒಂದು ಪಟ್ಟಾಭಿಷೇಕ.

“ಈ ದಿನ ನನ್ನದು. ನನ್ನಿಂದ ಸಾವಿರಾರು ಜನ ಸತ್ತರು,” ಎಂದಿತು ಯುದ್ಧ.

“ನನ್ನ ಹೆಸರಲ್ಲಿ ಅಷ್ಟೇ ಜನ ಹೋಳಿಗೆ ಉಂಡರು. ಸ್ವಲ್ಪ ಆಚೆ ಸರಿಯಪ್ಪ,” ಎಂದಿತು ಪಟ್ಟಾಭಿಷೇಕ.

ತೀರ್ಪಿಗೆ ಗೋಡೆಯ ಹಲ್ಲಿಯನ್ನು ಕರೆದವು. “ಮನೆಯವರು ಯಾರನ್ನು ನೆನೆಯುತ್ತಾರೋ, ದಿನ ಅವರದು,” ಎಂದಿತು ಹಲ್ಲಿ.

ಅಷ್ಟರಲ್ಲಿ ಮನೆಯೊಡತಿ ವನಜಾಕ್ಷಮ್ಮ ಪೆನ್ನು ತಂದು ಎರಡರ ಮೇಲೂ ದಪ್ಪಗೆ ಬರೆದರು: ‘ಹೊಸ ಸಿಲಿಂಡರ್’.

ಮುಂದಿನ ತಿಂಗಳು ಸಾರು ಕುದಿಯುವ ಮೊದಲೇ ಒಲೆ ಆರಿತು. ಮನೆಮಂದಿಯೆಲ್ಲ ಓಡಿಬಂದು ಹಿಂದಿನ ಹಾಳೆ ತಿರುವಿದರು. “ಹದಿನೇಳಕ್ಕೆ ತಾನೇ ಹಾಕಿದ್ದು? ಇಷ್ಟು ಬೇಗ ಮುಗೀತಾ?”

“ನೋಡು, ನನ್ನನ್ನು ಇನ್ನೂ ಮರೆತಿಲ್ಲ,” ಎಂದವು ಎರಡೂ, ಶಾಯಿಯ ಅಡಿಯಿಂದ.

ಹಲ್ಲಿ ಮಾತ್ರ ಲೊಚಗುಟ್ಟಲಿಲ್ಲ.