ಈಜುವವು, ಹೆರುವವು

ಗುರುಕುಲದಲ್ಲಿ ಕೊಳದ ನೀರನ್ನು ಸೋಸಿಯೇ ಕುಡಿಯಬೇಕು. ಬಟ್ಟೆಯಲ್ಲಿ ಉಳಿದ ಜೀವಗಳನ್ನು ಮತ್ತೆ ಅದೇ ಕೊಳಕ್ಕೆ ಬಿಡಬೇಕು. ಅದು ಅಲ್ಲಿನ ವ್ರತ. ವರ್ಷಗಳಿಂದ ಆ ಕೆಲಸ ಪಾರಿಸನದು.

ಅಂದು ಅವನು ಬಟ್ಟೆಯನ್ನು ಮೆಟ್ಟಿಲ ಕಲ್ಲಿನ ಮೇಲೆಯೇ ಕೊಡವಲು ಎತ್ತಿದ.

"ಏಯ್, ತಡೆ," ಎಂದರು ಗುರು ನೇಮಣ್ಣ. "ಕೊಳ ಇನ್ನೂ ಕೆಳಗಿದೆ."

"ಇಳಿಯೋಕೆ ಆಗ್ತಿಲ್ಲ, ಗುರುಗಳೇ. ಸಾಕಾಗಿದೆ. ನನ್ನ ನಂತರ ಬಂದವರು ಕಲಿತು ಊರೂರಲ್ಲಿ ಪಾಠ ಹೇಳ್ತಿದ್ದಾರೆ. ನಾನು ನೀರು ಹೊರ್ತಾನೇ ಇದ್ದೀನಿ. ನಾಳೆ ಹೊರಟುಬಿಡ್ತೀನಿ."

ನೇಮಣ್ಣ ಬಟ್ಟೆಯನ್ನು ಇಸಿದುಕೊಂಡು ಒಂದು ಬಟ್ಟಲ ನೀರಿನಲ್ಲಿ ಜಾಲಿಸಿದರು. ತಾವು ಓದಲು ಬಳಸುವ ಭೂತಗನ್ನಡಿಯನ್ನು ಅವನ ಕೈಗಿಟ್ಟರು.

"ನೋಡು."

"ಹಸಿರು ಉಂಡೆಗಳು. ಉರುಳ್ತಿವೆ. ಒಳಗೆ ಮರಿ ಉಂಡೆಗಳಿವೆ."

"ಒಂದೊಂದು ಉಂಡೆಯೂ ನೂರಾರು ಜೀವಕಣಗಳ ಕೂಟ. ಹಿಂದೆ ಅವು ಒಂಟಿಯಾಗಿದ್ದವು. ಒಂದೇ ಕಣ ಈಜಬೇಕು, ಅದೇ ಒಡೆದು ಮರಿಯಾಗಬೇಕು. ಈಜುವಾಗ ಒಡೆಯಲಾಗದು. ಒಡೆಯುವಾಗ ಈಜಲಾಗದು, ಮುಳುಗುತ್ತದೆ."

"ಕೂಡಿದ ಮೇಲೆ?"

"ಎಷ್ಟೋ ಪೀಳಿಗೆ ಕಳೆದವು. ಈಗ ಬಹುಪಾಲು ಕಣಗಳು ಈಜುತ್ತವೆ, ಅಷ್ಟೇ. ಹೆರುವವು ಕೆಲವೇ."

ಒಂದು ಉಂಡೆ ಬಿರಿಯಿತು. ಮರಿಗಳು ಹೊರಬಂದು ಉರುಳುತ್ತ ದೂರ ಹೋದವು. ಹಳೆಯ ಹೊದಿಕೆ ಮೆಲ್ಲಗೆ ತಳ ಸೇರಿತು.

"ಇಷ್ಟು ದಿನ ಈಜಿದವು?"

"ಸಾಯುತ್ತವೆ."

"ಮಕ್ಕಳಿಲ್ಲದೆ?"

"ಇಲ್ಲದೆ."

ಪಾರಿಸ ನಕ್ಕ. "ಚೆನ್ನಾಗಿದೆ. ಇದನ್ನು ತೋರಿಸಿ ನನ್ನನ್ನು ನಿಲ್ಲಿಸ್ತೀರಾ? ನೀನು ಈಜ್ತೀಯಾ ಅಂತ ಅವನ್ನು ಯಾರಾದರೂ ಕೇಳಿದರಾ?"

"ಇಲ್ಲ."

"ನನ್ನನ್ನು?"

ನೇಮಣ್ಣ ಭೂತಗನ್ನಡಿಯನ್ನು ಅವನ ಕೈಯಿಂದ ತೆಗೆದುಕೊಂಡರು.

"ಇಲ್ಲ," ಎಂದರು.

ಬಟ್ಟಲನ್ನೂ ಮೆಟ್ಟಿಲ ಮೇಲಿದ್ದ ಪಾರಿಸನ ಕೊಡವನ್ನೂ ಎತ್ತಿಕೊಂಡು ಒಂದು ಮೆಟ್ಟಿಲು ಇಳಿದರು. ಮಂಡಿ ಹಿಡಿದು ನಿಂತರು. ಮತ್ತೆ ಇಳಿದರು. ಹಸಿರನ್ನು ಕೊಳಕ್ಕೆ ಬಿಟ್ಟು, ಖಾಲಿ ಕೊಡವನ್ನು ನೀರಿಗೆ ಬಾಗಿಸಿದರು.

ಪಾರಿಸ ಓಡಿಬಂದ. "ಬಿಡಿ, ಗುರುಗಳೇ. ಈ ವಯಸ್ಸಲ್ಲಿ ನಿಮ್ಮ ಕೈಲಾಗುತ್ತಾ? ಕೊಡಿ ಇತ್ತ."

ಗುರು ಕೊಡ ಬಿಡಲಿಲ್ಲ.

"ಒಳಗೆ ಹುಡುಗರು ಕಾಯುತ್ತಿದ್ದಾರೆ. ಈಗ ಕಂಡದ್ದನ್ನು ಹೋಗಿ ಪಾಠ ಹೇಳು," ಎಂದರು. "ಆ ಕಣಕ್ಕೆ ಕೆಲಸ ಬದಲಿಸಲು ಬರುವುದಿಲ್ಲ. ನನಗೆ ಬರುತ್ತದೆ."